ಬೆಟ್ಟದಾಚೆಯ ಐದು-ಒಂಬತ್ತು

ಗುದ್ರುನ್ ಆ ಗ್ರಾಫ್ ಹಾಳೆಗಳನ್ನು ಇವತ್ತಿಗೂ ಎಸೆದಿಲ್ಲ. ಭೂಮಾಪನ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ನಾರ್ವೆಯ ಬೆಟ್ಟಗಳ ನಕ್ಷೆ ಬರೆದವಳು. ಅಟ್ಟದಲ್ಲಿ ಹವ್ಯಾಸಕ್ಕೆ, ದೂರದವರೊಡನೆ ಮಾತಾಡುವ ರೇಡಿಯೊ ಕಟ್ಟಿಕೊಂಡ ಮೇಲೂ ನಕ್ಷೆ ಬಿಡಲಿಲ್ಲ. ನಕ್ಷೆಯ ಮೇಲೆ ತನ್ನ ಆಂಟೆನಾದಿಂದ ಎದುರಿನವರ ಆಂಟೆನಾದವರೆಗೆ ದಾರ ಹಿಡಿದು, ಅಡ್ಡ ಬರುವ ಬೆಟ್ಟಗಳ ಎತ್ತರವನ್ನು ಹಾಳೆಗಿಳಿಸಿ, ದನಿ ಎಷ್ಟು ಬಲವಾಗಿ ತಲುಪೀತೆಂದು ಮೊದಲೇ ಹೇಳುತ್ತಿದ್ದಳು. ಆಗ ಕಂಪ್ಯೂಟರ್ ಎಲ್ಲಿತ್ತು? ಪೆನ್ಸಿಲ್, ಅಳತೆಪಟ್ಟಿ, ಒಂದು ಕೆಟಲ್ ಕಾಫಿ. ಎಂಥ ಸೊಗಸಿನ ದಿನಗಳು! ಲೆಕ್ಕ ತಪ್ಪುತ್ತಿದ್ದುದು ಅಪರೂಪ.

ತಪ್ಪಿದ್ದು ಐವಿಂದ್‌ನ ವಿಷಯದಲ್ಲಿ. ದೋಣಿ ರಿಪೇರಿ ಮಾಡುವ ಐವಿಂದ್‌ನ ಮನೆ ಸಾವಿರದಿನ್ನೂರು ಮೀಟರ್ ಬೆಟ್ಟದಾಚೆ, ಬೆಟ್ಟಗಳ ನಡುವೆ ಚಾಚಿದ ಕಡಲತೋಳಾದ ಪಕ್ಕದ ಫಿಯೋರ್ಡ್‌ನ ದಡದಲ್ಲಿ. ಅವಳ ಲೆಕ್ಕದ ಪ್ರಕಾರ ದನಿಯ ಬಲ ಒಂಬತ್ತಕ್ಕೆ ಮೂರು, ಮಾತು ಅರ್ಧಂಬರ್ಧ. ಅವನ ದನಿ ಅವಳಿಗೆ ಹಾಗೇ ಕೇಳುತ್ತಿತ್ತು. ಅವನು ಮಾತ್ರ ಹನ್ನೊಂದು ವರ್ಷ, ಪ್ರತಿ ಭಾನುವಾರ, "ಐದು-ಒಂಬತ್ತು, ಗುದ್ರುನ್!" ಎನ್ನುತ್ತಿದ್ದ. ಸ್ಪಷ್ಟತೆಗೆ ಐದಕ್ಕೈದು, ಬಲಕ್ಕೆ ಒಂಬತ್ತಕ್ಕೊಂಬತ್ತು. ಹಾಗಾದರೆ ಕಿವುಡಾಗಿರುವುದು ತನ್ನ ಪೆಟ್ಟಿಗೆಯೇ ಎಂದುಕೊಂಡು ಅವಳು ಅದನ್ನು ಎಷ್ಟು ಸಲ ಬಿಚ್ಚಿದಳೋ! ನಾಚಿಕೆಗೆ ತಾನೂ "ಐದು-ಒಂಬತ್ತು" ಅಂದುಬಿಡುತ್ತಿದ್ದಳು. ಮುಖದ ಮೇಲೆ ಕಡಿಮೆ ಅಂಕ ಕೊಡುವುದು ರೇಡಿಯೊ ಹವ್ಯಾಸಿಗಳ ಬಳಗದಲ್ಲಿ ಒರಟುತನ.

ಅಕ್ಕ ರಾಗ್ನಾ ತೀರಿಕೊಂಡ ವಾರ ಗುದ್ರುನ್ ದುಃಖ ತಡೆಯದೆ ಅವನಿಗೆ ಹೇಳಿಕೊಂಡಳು. ಗೊರಗೊರ ಸದ್ದಿನ ನಡುವೆ ಉತ್ತರ ಬಂತು: "ಐದು-ಒಂಬತ್ತು! ಎಲ್ಲಾ ಕೇಳ್ತು, ಭಾಳ ಖುಷಿಯಾಯ್ತು!"

ಅವಳು ರೇಡಿಯೊ ಆರಿಸಿದಳು. ಎರಡು ತಿಂಗಳು ಅಟ್ಟ ಹತ್ತಲಿಲ್ಲ. ಈ ಸ್ನೇಹ ಇಲ್ಲಿಗೆ ಸಾಕು, ಆದರೆ ಮುಖಕ್ಕೆ ಮುಖ ಕೊಟ್ಟು ಕೇಳಿಯೇ ಬಿಡೋಣ ಎಂದು ಒಂದು ಬೆಳಿಗ್ಗೆ ಫೆರಿ ಹತ್ತಿದಳು.

ಬಾಗಿಲು ತೆರೆದವಳು ಐವಿಂದ್‌ನ ಹೆಂಡತಿ ಬೋರ್ಗಿಲ್ಡ್. "ನೀವೇನಾ ಗುದ್ರುನ್? ಬನ್ನಿ ಬನ್ನಿ. ನೋಡಿ, ಆ ಹಾಳು ಪೆಟ್ಟಿಗೆ ಬಿಚ್ಕೊಂಡು ಕೂತಿದಾರೆ. 'ಅವಳಿಗೆ ನಾನು ಐದು-ಒಂಬತ್ತು ಕೇಳಿಸ್ತೀನಂತೆ, ನನಗೆ ಅವಳ ಅರ್ಧ ಮಾತೂ ಕೇಳ್ಸಲ್ಲ, ನನ್ನ ಸೆಟ್ಟೇ ಕಿವುಡು' ಅಂತ ಹನ್ನೊಂದು ವರ್ಷದಿಂದ ಇದೇ ಗೋಳು!"

ಗುದ್ರುನ್‌ಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಲೆಕ್ಕ ಮೊದಲ ದಿನದಿಂದಲೂ ಸರಿಯಿತ್ತು. ಅದನ್ನು ನಂಬದೆ ಅವಳು ಮರ್ಯಾದೆಯ ಮಾತನ್ನು ನಂಬಿದ್ದಳು.

"ನಿಜ ಹೇಳೋಕೇನಾಗಿತ್ತು ಮಾರಾಯ ನಿಂಗೆ?" ಎಂದು ಒಳಗೆ ಹೋಗಿ ಐವಿಂದ್‌ನನ್ನು ಕೇಳಿದಳು.

"ಹೇಳಿದ್ರೆ, ಈ ಕಿವುಡನ ಹತ್ರ ಯಾಕೆ ಗಂಟಲು ಹರ್ಕೊಳ್ಲಿ ಅಂತ ಬಿಟ್ಟು ಹೋಗ್ತಿದ್ದೆ ನೀನು," ಎಂದ ಐವಿಂದ್, ತಲೆ ತಗ್ಗಿಸಿ. "ಕೊನೇ ಸಲ ಮಾತಾಡಿದಾಗ ನಿನ್ನ ಅಕ್ಕನ ಹೆಸರೊಂದೇ ಕೇಳಿದ್ದು. ರಾಗ್ನಾ ಊರಿಗೆ ಬಂದ್ಳು ಅಂದ್ಯಲ್ವಾ?"

"ಅಲ್ಲ ಐವಿಂದ್," ಎಂದು ಅವಳು ಅವನೆದುರು ಕುರ್ಚಿ ಎಳೆದುಕೊಂಡು ಕೂತು, ಮೊದಲಿನಿಂದ ಹೇಳತೊಡಗಿದಳು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಹನ್ನೊಂದು ವರ್ಷದಲ್ಲಿ ಅವಳ ಮಾತು ಪೂರ್ತಿಯಾಗಿ ಅವನ ಕಿವಿಗೆ ಬಿದ್ದದ್ದು ಅದೇ ಮೊದಲು.