ಡ್ರಿಪ್ ಇದ್ದ ಕೈಯ ರಕ್ತ

ಹಾಲಿನ ಲೋಟ ಹಿಡಿದು ಮಗಳ ಹಿಂದೆ ಮನೆಯೆಲ್ಲ ಓಡುತ್ತಿದ್ದಾಗಲೂ ಆಕೆಯ ತಲೆ ಕೊರೆಯುತ್ತಿದ್ದುದು ಒಂದೇ: ಏಳನೇ ಹಾಸಿಗೆಯವನ ರಕ್ತ. ಆಸ್ಪತ್ರೆಯ ಲ್ಯಾಬಿನಲ್ಲಿ ಆಕೆ ಟೆಕ್ನಿಷಿಯನ್. ಅಲ್ಲಿನವರು ಇಟ್ಟ ಹೆಸರು ‘ಅನುಮಾನದಕ್ಕ’. ಮಗುವಿನ ಹಣೆ ಮುಟ್ಟಿ, ಥರ್ಮಾಮೀಟರ್ ಇಟ್ಟು, ಮತ್ತೆ ಹಣೆ ಮುಟ್ಟಿ ನೋಡುವವಳು, ಹೆಸರು ಸುಳ್ಳೇನಲ್ಲ.

"ಹಾಲು ಮಗೂಗೆ ಕುಡಿಸ್ತಿದ್ದೀಯೋ, ಗೋಡೆಗೋ?" ಎಂದರು ಅತ್ತೆ.

ಏಳನೇ ಹಾಸಿಗೆಯಲ್ಲಿದ್ದವನು ಟೈಲರ್. ಮೇದೋಜೀರಕ ಗ್ರಂಥಿ ವಿಪರೀತ ಊದಿಕೊಂಡು ಐಸಿಯು ಸೇರಿದ್ದ. ಇಂಥವರಿಗೆ ಕರುಳೂ ಕೈಕೊಡುವ ಭಯ. ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ರಕ್ತದಲ್ಲಿ ಸಿಟ್ರುಲಿನ್ ಎಂಬ ಅಂಶ ನೋಡುತ್ತಾರೆ. ಅದನ್ನು ತಯಾರಿಸುವುದೇ ಸಣ್ಣಕರುಳು. ಎರಡು ದಿನದಿಂದ ಅದು ತೀರ ಕಡಿಮೆ ಬಂದು, ಮೂಗಿನ ನಳಿಕೆಯಿಂದ ಕೊಡುತ್ತಿದ್ದ ಆಹಾರವನ್ನೇ ನಿಲ್ಲಿಸಿದ್ದರು. ಆದರೆ ಅದೇ ರಕ್ತದಲ್ಲಿ ಸಕ್ಕರೆ ಆಕಾಶದಲ್ಲಿ, ಉಪ್ಪಿನಂಶ ಪಾತಾಳದಲ್ಲಿ! ಅದೇ ಹೊತ್ತಿಗೆ ವಾರ್ಡಿನಲ್ಲಿ ಬೆರಳು ಚುಚ್ಚಿ ನೋಡಿದ ಸಕ್ಕರೆ ಸರಿಯಾಗಿಯೇ ಇತ್ತು.

ಕೆಲಸಕ್ಕೆ ಬಂದವಳೇ ನೆಟ್ಟಗೆ ಐಸಿಯುಗೆ ಹೋದಳು. ಟೈಲರನ ಎಡಗೈಗೆ ಡ್ರಿಪ್. ಅದರಿಂದ ಒಂದು ಗೇಣು ಮೇಲೆ, ರಕ್ತ ತೆಗೆದ ಜಾಗಕ್ಕೆ ಅಂಟಿಸಿದ ಹತ್ತಿಯ ಪಟ್ಟಿ.

"ಅಯ್ಯೋ, ಬಲಗೈ ನೋಡಿ, ಚುಚ್ಚಿ ಚುಚ್ಚಿ ಬದನೆಕಾಯಿ ಬಣ್ಣ ಬಂದಿದೆ," ಎಂದಳು ನರ್ಸ್. "ಪಾಪ ಅನ್ನಿಸ್ತು. ಈ ಕೈಲೇ ತಗೊಂಡ್ವಿ."

"ಎರಡೂ ದಿನಾನಾ?"

"ಹೂಂ ಕಣ್ರೀ. ಯಾಕೆ?"

ಆಕೆಯ ಮೈ ಉರಿದುಹೋಯಿತು. ಪಾಪ ಎಂದುಕೊಂಡೇ ಆ ಮನುಷ್ಯನನ್ನು ಉಪವಾಸ ಕೆಡವಿದ್ದರು! ಡ್ರಿಪ್ಪಿನ ಗ್ಲೂಕೋಸ್ ನೀರು ಬೆರೆತ ರಕ್ತದಲ್ಲಿ ಸಿಟ್ರುಲಿನ್ ಎಲ್ಲಿ ಸಿಕ್ಕೀತು? ಹಾಲಿಗೆ ಬಿಂದಿಗೆ ನೀರು ಸುರಿದು, ಹಸುವೇ ಬತ್ತಿತು ಎಂದಂತಾಯಿತು.

ಲ್ಯಾಬಿನ ಮುಖ್ಯಸ್ಥರು ಕನ್ನಡಕ ಒರೆಸುತ್ತಾ ಕೇಳಿಸಿಕೊಂಡರು. "ಮೆಷಿನ್ ಹೇಳಿದ್ದನ್ನ ಬರೆಯೋದು ನಮ್ಮ ಕೆಲಸ ಕಣಮ್ಮ. ಚುಚ್ಚೋದು ಅವರ ಪಾಡು. ನಾಳೆ ಮೀಟಿಂಗಲ್ಲಿ ಎತ್ತೋಣ."

"ಮೀಟಿಂಗ್ ಆಗೋವರೆಗೂ ಅವರ ಹೊಟ್ಟೆ ಕಾಯುತ್ತಾ ಸಾರ್?"

"ನೇರವಾಗಿ ಡಾಕ್ಟರಿಗೆ ಹೇಳಿದ್ರೆ ಲ್ಯಾಬಿನ ಮಾನ ಹೋಗುತ್ತೆ. ಅಲ್ಲದೆ ಮೊದಲನೇ ರಿಪೋರ್ಟಿಗೆ ಸಹಿ ಯಾರದು? ನಿಮ್ಮದೇ ಅಲ್ವಾ?"

ಮಾತು ನಾಟಿತು. ಹೌದು, ಆಕೆಯದೇ. ಅಂದು ಮಗುವಿಗೆ ಜ್ವರವೆಂದು ಅವಸರದಲ್ಲಿ ಗೀಚಿ ಓಡಿದ್ದಳು. ಊರಿನದನ್ನೆಲ್ಲ ಅನುಮಾನಿಸುವವಳು ಅಂದು ಆ ರಿಪೋರ್ಟೊಂದನ್ನು ಮಾತ್ರ ಅನುಮಾನಿಸಿರಲಿಲ್ಲ.

ಆಕೆ ಹೊರಗೆ ಬಂದರೆ, ಲ್ಯಾಬಿನ ಕಿಟಕಿಯ ಬಳಿ ಟೈಲರನ ಹೆಂಡತಿ ನಿಂತಿದ್ದಳು. "ಅಕ್ಕಾ, ಅವರ ಕರುಳು ಸತ್ತೋಗಿದೆಯಂತೆ. ರಕ್ತದಲ್ಲಿ ಗೊತ್ತಾಯ್ತಂತೆ. ನಿಮ್ಮ ಮೆಷಿನ್ ಸುಳ್ಳು ಹೇಳಲ್ವಾ?"

"ಮೆಷಿನ್ ಹೇಳಲ್ಲಮ್ಮ," ಎಂದಳು ಆಕೆ, ಹಲ್ಲು ಕಚ್ಚಿ. "ಮನುಷ್ಯರು ಹೇಳ್ತೀವಿ. ಇಲ್ಲೇ ಇರಿ."

ಒಳಗೆ ಬಂದು ಮುಖ್ಯಸ್ಥರ ಮೇಜಿನ ಮೇಲಿದ್ದ ಫೋನನ್ನೇ ಎತ್ತಿ ಐಸಿಯು ನಂಬರ್ ಒತ್ತಿದಳು. ಅವರು "ಏನ್ರೀ ಇದು?" ಎನ್ನುವಷ್ಟರಲ್ಲಿ ಆ ಕಡೆ ಐಸಿಯುವಿನ ಹಿರಿಯ ಡಾಕ್ಟರ ದನಿ ಕೇಳಿಸಿತು.

"ಸಾರ್, ಲ್ಯಾಬಿನಿಂದ. ಏಳನೇ ಹಾಸಿಗೆಯವರ ಸಿಟ್ರುಲಿನ್ ರಿಪೋರ್ಟು ಎರಡೂ ನಂಬಬೇಡಿ. ಡ್ರಿಪ್ ಇದ್ದ ಕೈಯ ರಕ್ತ ಅದು. ಒಂದಕ್ಕೆ ಸಹಿ ಹಾಕಿದವಳು ನಾನೇ, ತಪ್ಪಾಯ್ತು. ಈಗಲೇ ಡ್ರಿಪ್ ಇಲ್ಲದ ಕಡೆಯಿಂದ ರಕ್ತ ತೆಗೆಸಿ ಸಾರ್. ನಾನು ಮೇಲೆ ಬಂದು ಪಕ್ಕದಲ್ಲೇ ನಿಂತಿರ್ತೀನಿ."