ಕವೆಂಟ್ರಿ ಸೋತ ಭಾನುವಾರ

ಗೆಳೆಯರೇ, ಇವತ್ತು ಬೆಳಗ್ಗೆ ನಮ್ಮ ಮುಲುಂಡ್ ಚಾಳಿನಲ್ಲಿ ಎಲ್ಲರಿಗೂ ಇರುವ ಒಂದೇ ರೇಡಿಯೋಗಾಗಿ ಸಣ್ಣ ಜಗಳವಾಯಿತು. ಪಕ್ಕದ ಖೋಲಿಯ ಹುಸೇನ್‌ಸಾಬರಿಗೆ ಹಿಂದಿ ಹಾಡು ಬೇಕು. ನಮ್ಮವ್ವನಿಗೆ ಲಂಡನ್ ರೇಡಿಯೋದ ಆಟದ ವಾರ್ತೆ ಬೇಕು.

ಅವ್ವನಿಗೆ ಇಂಗ್ಲಿಷ್ ಬಾರದು. ಆ ವಾರ್ತೆಯಲ್ಲಿ ಬರುವ ರಗ್ಬಿ ಆಟ ಎಂದರೇನೆಂದು ನನಗೂ ಸರಿಯಾಗಿ ತಿಳಿಯದು. ಆದರೆ ನನ್ನ ಅಕ್ಕ ಪದ್ಮಾ ಮೂರು ವರ್ಷದಿಂದ ಕವೆಂಟ್ರಿ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್; ಕೆಲಸದ ಜೊತೆಗೆ ಅಲ್ಲಿನ ಪರೀಕ್ಷೆಗಳನ್ನೂ ಬರೆಯುತ್ತಾಳೆ. ಆ ಊರಿನ ತಂಡ ರಗ್ಬಿ ಕಪ್‌ನಲ್ಲಿ ಆಡಿದಾಗಲೆಲ್ಲ ರೇಡಿಯೋದವನು ಊರಿನ ಹೆಸರು ಹೇಳುತ್ತಾನೆ. ಅಷ್ಟು ಕೇಳಿದರೆ ಅವ್ವನಿಗೆ ಮಗಳ ಕಾಗದ ಬಂದಷ್ಟೇ ಸಮಾಧಾನ. ಹಿಂದಿನ ಎರಡು ವರ್ಷ ಕಪ್ ಗೆದ್ದದ್ದೂ ಅವರೇ. ನಿನ್ನೆ ಸೆಮಿಫೈನಲ್ ಇತ್ತು.

"ಅಕ್ಕಾರ, ನಿಮಗ ಒಂದಕ್ಷರಾನೂ ತಿಳಿಯಂಗಿಲ್ಲ. ಹಾಡರ ಹಚ್ಚೂಣಲ್ರಿ," ಎಂದರು ಹುಸೇನ್‌ಸಾಬರು.

"ಸ್ವಲ್ಪ ತಡೀರಿ. ನಮ್ಮ ಪದ್ದಿ ಊರು ಬರ್ತದ," ಎಂದಳು ಅವ್ವ.

ಬಂತು. ಕವೆಂಟ್ರಿ ಎಂದು ಕೇಳಿದ್ದೇ ಅವ್ವ ಕಣ್ಣು ಮುಚ್ಚಿ ನಕ್ಕಳು. ಉಳಿದದ್ದನ್ನು ನಾನು ಹೇಳಲೇಬೇಕಾಯಿತು.

"ಅವ್ವಾ, ಅವರು ಸೋತಾರ. ಒಮ್ಮೆ ಸೋತ್ರ ಈ ಆಟದಾಗ ಮುಗೀತು. ಇನ್ನ ಈ ವರ್ಷ ಹೆಸರು ಬರೂದಿಲ್ಲ."

"ಸೋತವರು ಎಲ್ಲಿಗೆ ಹೋಗ್ತಾರ?"

"ಎಲ್ಲಿಗೆ ಹೋಗ್ತಾರ? ಮನೀಗೆ."

ಅವ್ವ ಸೆರಗಿನಿಂದ ರೇಡಿಯೋ ಒರೆಸಿ ಹುಸೇನ್‌ಸಾಬರ ಕಡೆ ತಿರುಗಿಸಿಟ್ಟಳು.

"ನಮ್ಮ ಪದ್ದಿ ನೋಡು, ಬರೆದ ಪರೀಕ್ಷಾ ಎಲ್ಲಾ ಪಾಸಾಗಿ ಅಲ್ಲೇ ಕುಂತಾಳ," ಎಂದಳು.

ಪಾಸಾದ ಸುದ್ದಿ ಬಂದಾಗಲೆಲ್ಲ ಇಡೀ ಚಾಳಿಗೆ ಪೇಢೆ ಹಂಚಿದವಳೂ ಅವ್ವನೇ.