ಬಾಡಿಗೆ ಬಂದೂಕಿನವನ ಒಪ್ಪಿಗೆ

ನಾನು ದಾವಣಗೆರೆಯಿಂದ ವಾರಾಣಸಿಗೆ ಬಂದು ಆಗ ಎಂಟನೆಯ ವರ್ಷ. ಲಂಕಾ ಮಾರುಕಟ್ಟೆಗೆ ಹತ್ತಿರದ ಆಸ್ಪತ್ರೆಯೊಂದರಲ್ಲಿ ರಕ್ತನಾಳಗಳ ಸರ್ಜನ್ ಆಗಿದ್ದೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಸಾರನಾಥದ ಕಡೆಯಿಂದ ಗುಂಡೇಟು ತಿಂದವನೊಬ್ಬನನ್ನು ಯಾರೋ ಆಟೋದಲ್ಲಿ ಕರೆತಂದರು.

ಹೆಸರು ಶಿವಪೂಜನ್ ಸಿಂಗ್. ಸೈನ್ಯದಿಂದ ನಿವೃತ್ತನಾದ ಮೇಲೆ, ಪರವಾನಗಿಯಿದ್ದ ಸ್ವಂತ ಬಂದೂಕು ಹಿಡಿದು ಸಿರಿವಂತರ ಕಾವಲಿಗೆ ನಿಲ್ಲುತ್ತಿದ್ದ. ಇಲ್ಲಿ ಅಂಥವರನ್ನು ‘ಗನ್ನರ್’ ಎನ್ನುತ್ತಾರೆ. ಅಂದು ಅವನ ಮಾಲೀಕ, ಒಬ್ಬ ಕಟ್ಟಡ ಗುತ್ತಿಗೆದಾರ, ತಕರಾರಿನ ಜಮೀನು ನೋಡಲು ಹೋಗಿದ್ದ. ಎದುರು ಪಕ್ಷದವರು ಗುಂಡು ಹಾರಿಸಿದಾಗ ಶಿವಪೂಜನ್ ಕಾರಿನ ಬಾಗಿಲಿಗೆ ಅಡ್ಡ ನಿಂತ. ಕಾರು ಮಾಲೀಕನನ್ನು ಹೊತ್ತು ಓಡಿತು. ಇವನು ರಸ್ತೆಯಲ್ಲೇ ಉಳಿದ.

ಗುಂಡು ಮೊಣಕಾಲಿನ ಹಿಂದೆ ಹೊಕ್ಕು ಪಾಪ್ಲಿಟಿಯಲ್ ಆರ್ಟರಿಯನ್ನು, ಅಂದರೆ ಕೆಳಗಾಲಿಗೆ ರಕ್ತ ಒಯ್ಯುವ ಮುಖ್ಯ ನಾಳವನ್ನು, ತುಂಡರಿಸಿತ್ತು. ಪಾದ ತಣ್ಣಗಾಗಿತ್ತು. ನಾಡಿ ಸಿಗುತ್ತಿರಲಿಲ್ಲ. ಬೇಗ ರಕ್ತ ಹರಿಯದಿದ್ದರೆ ಕಾಲು ತೆಗೆಯುವುದೊಂದೇ ದಾರಿ. ಆದರೆ ಅವನು ಆಪರೇಷನ್‌ಗೆ ಒಪ್ಪಲಿಲ್ಲ. ಎಚ್ಚರವಿರುವ ರೋಗಿ ಬೇಡವೆಂದರೆ ನಾವು ಮುಟ್ಟುವಂತಿಲ್ಲ.

“ಪೆಹಲೇ ಮಾಲಿಕ್ ಕಾ ಪತಾ ಲಗಾಯಿಯೇ, ಮೇಡಂ ಜೀ,” ಎಂದ. ಮಾಲೀಕ ಬದುಕಿದ್ದಾನೆಯೇ ಎಂದು ತಿಳಿಯುವವರೆಗೆ ಅರಿವಳಿಕೆ ತೆಗೆದುಕೊಳ್ಳಲು ಅವನು ತಯಾರಿರಲಿಲ್ಲ.

ಅರಿವಳಿಕೆ ತಜ್ಞ ಬಸವರಾಜ್ ಹುಬ್ಬಳ್ಳಿಯವರು. “ಇನ್ನ ತಡಾ ಮಾಡಿದ್ರ ಕಾಲು ಉಳಿಯಂಗಿಲ್ರಿ ಮೇಡಂ,” ಎಂದರು. “ಹಳೇ ಇಟಲಿ ಕಾದಂಬರಿಯೊಳಗ ಪಗಾರಕ್ಕ ಕತ್ತಿ ಹಿಡದು ದೊರೀ ಸಲುವಾಗಿ ಸಾಯೋ ಸಿಪಾಯಿ ಇರ್ತಾನಲ್ರಿ, ಅಂಥಾವ ಇವ.”

ಶಿವಪೂಜನ್ ಹೇಳಿದ ನಂಬರಿಗೆ ಕಾರಿಡಾರ್‌ನಿಂದ ನಾನೇ ಫೋನ್ ಮಾಡಿದೆ. ಗುತ್ತಿಗೆದಾರ ತನ್ನ ಹೆಸರು ಒಪ್ಪಿಕೊಂಡ. ವಿಷಯ ತಿಳಿಸಿದೊಡನೆ, “ಶಿವಪೂಜನ್? ಅಂಥವರು ನನ್ನ ಹತ್ತಿರ ಯಾರೂ ಇಲ್ಲ,” ಎಂದು ಫೋನ್ ಇಟ್ಟುಬಿಟ್ಟ.

ಒಳಗೆ ಬಂದು, “ನಾನೇ ಮಾತಾಡಿದೆ. ಬದುಕಿದ್ದಾರೆ,” ಎಂದೆ.

“ಪೆಟ್ಟು?”

“ಆದ ಹಾಗಿಲ್ಲ.”

ಅವನು ಕಣ್ಣು ಮುಚ್ಚಿದ. “ಇನ್ನು ನಿಮ್ಮ ಕೆಲಸ ಮಾಡಿ.”

ಇನ್ನೊಂದು ಕಾಲಿನಿಂದ ಒಂದು ವೇನ್, ಅಂದರೆ ಹೃದಯದ ಕಡೆಗೆ ರಕ್ತ ಮರಳಿಸುವ ನಾಳ, ತೆಗೆದು ತುಂಡಾದ ನಾಳಕ್ಕೆ ಜೋಡಿಸಿದೆವು. ಸಂಜೆಯ ಹೊತ್ತಿಗೆ ಪಾದ ಬೆಚ್ಚಗಾಯಿತು.

ಕೆಲವು ದಿನಗಳ ನಂತರ, ಮಾಲೀಕ ಇನ್ನೇನು ಹೇಳಿದರೆಂದು ಶಿವಪೂಜನ್ ಕೇಳಿದ. ಇದ್ದದ್ದನ್ನು ಇದ್ದಂತೆಯೇ ಹೇಳಿದೆ. ಗೋಡೆಯ ಕಡೆ ತಿರುಗಿಕೊಂಡ. “ಹೆದರಿರಬೇಕು,” ಎಂದಷ್ಟೇ ಹೇಳಿದ.

ಗುಂಡು ಹಾರಿಸಿದವರು ಯಾರೆಂದು ಪೊಲೀಸರಿಗೆ ತಿಳಿಸಿದ. ಎದುರು ಪಕ್ಷದವನೊಬ್ಬ ಹಣ್ಣು ಹಿಡಿದು ವಾರ್ಡಿಗೆ ಬಂದು, ಮಾಲೀಕ ಅಡಗಿರುವ ಜಾಗ ಹೇಳಿದರೆ ತಮ್ಮಲ್ಲೇ ಕೆಲಸ ಕೊಡುತ್ತೇವೆ ಎಂದ. “ನಾನಿನ್ನೂ ಅವರ ನೌಕರ. ಹಣ್ಣು ತಗೊಂಡು ಹೋಗು,” ಎಂದು ಶಿವಪೂಜನ್ ಅವನನ್ನು ಕಳಿಸಿಬಿಟ್ಟ.

ಎದುರಾಳಿಗಳ ಬಂಧನವಾಯಿತು. ಡಿಸ್ಚಾರ್ಜ್ ದಿನ ಗುತ್ತಿಗೆದಾರನೇ ವಾರ್ಡಿನ ಬಾಗಿಲಲ್ಲಿ ಬಂದು ನಿಂತ. “ಚಲೋ ಶಿವಪೂಜನ್, ಗಾಡಿ ಹೊರಗಿದೆ.”

ಊರುಗೋಲಿನ ಮೇಲೆ ಭಾರ ಹಾಕಿ ಎದ್ದ ಶಿವಪೂಜನ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಂತರ ಸೆಲ್ಯೂಟ್ ಹೊಡೆದ. “ನಿಮ್ಮನ್ನು ಕ್ಷೇಮವಾಗಿ ಕಂಡೆ, ಮಾಲಿಕ್. ಇವತ್ತಿಗೆ ನನ್ನ ನೌಕರಿ ಮುಗಿಯಿತು.” ಕರೆದೊಯ್ಯಲು ಬಂದಿದ್ದ ಹೆಂಡತಿಯ ಭುಜ ಹಿಡಿದು ಕುಂಟುತ್ತ ಇ-ರಿಕ್ಷಾ ಹತ್ತಿ ಹೋದ.

ರೋಗಿ ಬೇಡವೆಂದಾಗ ಕಾಯಿಲೆಯನ್ನು ಇನ್ನೊಮ್ಮೆ ವಿವರಿಸಲು ಹೊರಡುವುದು ವೈದ್ಯರ ಅಭ್ಯಾಸ. ಅಂದಿನಿಂದ ನಾನು ಕುರ್ಚಿ ಎಳೆದುಕೊಂಡು ಕೂತು, “ನಿಮಗೆ ಮೊದಲು ಏನು ಗೊತ್ತಾಗಬೇಕು?” ಎಂದು ಕೇಳುತ್ತೇನೆ. ಎಷ್ಟೋ ಸಲ ಅದಕ್ಕೆ ಸಿಗುವ ಉತ್ತರಕ್ಕೂ ಕಾಯಿಲೆಗೂ ಸಂಬಂಧವೇ ಇರುವುದಿಲ್ಲ.